ಹಸಿರು ಪುಡಿಗೆ ಮುನ್ನೂರು, ಹೆಸರುಕಾಳಿಗೆ ಮೂಗು ಮುರಿಯೋದು

1/6
ಮಾಚಾ ಕುಡಿಯೋರ ಮೇಲೆ ನನಗೇನೂ ಸಿಟ್ಟಿಲ್ಲ. ಬೆಂಗಳೂರಿನ ಕೆಫೆಯಲ್ಲಿ ಮುನ್ನೂರು ರೂಪಾಯಿ ಕೊಟ್ಟು ಕುಡೀರಿ, ಗ್ಲಾಸ್ ಹಿಡಿದು ಫೋಟೋ ಹಾಕ್ರಿ. ನಿಮ್ಮ ದುಡ್ಡು. ಆದರೆ ಫೋಟೋ ಕೆಳಗೆ "ಗಟ್ ಹೆಲ್ತ್ ಜರ್ನಿ ಶುರು" ಅಂತ ಬರೆದವರು ನಮ್ಮ ಕ್ಲಾಸಿನವರೇ, ಎಮ್ಮಿಗನೂರಲ್ಲಿ ಗದ್ದೆ ಇರೋ ಮನೆಯವರೇ ಅಂದಾಗ ಸುಮ್ಮನಿರೋಕೆ ಆಗಲಿಲ್ಲ. ಉದ್ದ ಐತೆ. ಪೂರ್ತಿ ಓದ್ರಿ, ಆಮೇಲೆ ಕಾಮೆಂಟಲ್ಲಿ ಬೈರಿ.

2/6
ಮೊದಲು ಮಾಚಾ ಅಂದ್ರೆ ಏನು ಅಂತ ತಿಳ್ಕೊಳ್ಳೋಣ. ಜಪಾನಿನ ಉಜಿ ಅದಕ್ಕೆ ಹೆಸರುವಾಸಿ. ಕೊಯ್ಯೋಕೆ ಸುಮಾರು ಮೂರು ವಾರ ಮೊದಲು ಚಹಾ ಗಿಡಕ್ಕೆ ನೆರಳು ಕಟ್ಟುತ್ತಾರೆ. ಎಲೆಯನ್ನು ಹಬೆಯಲ್ಲಿ ಬೇಯಿಸಿ, ಒಣಗಿಸಿ, ದಂಟು ತೆಗೆದು, ಬೀಸೋ ಕಲ್ಲಲ್ಲಿ ಪುಡಿ ಮಾಡುತ್ತಾರೆ. ಇದರಲ್ಲಿ ಹುದುಗಿಸೋದು ಎಲ್ಲೂ ಇಲ್ಲ. ಅಂದ್ರೆ ನಿಮ್ಮ ಮಜ್ಜಿಗೆಯಲ್ಲಿ ಇರೋ ಜೀವಂತ ಬ್ಯಾಕ್ಟೀರಿಯಾ ಆ ಗ್ಲಾಸಲ್ಲಿ ಇರಲ್ಲ. ಚಹಾದ ಪಾಲಿಫಿನಾಲ್‌ಗಳ ಮೇಲೆ ಕರುಳಿನ ಸೂಕ್ಷ್ಮಜೀವಿಗಳು ಕೆಲಸ ಮಾಡ್ತವೆ ಅನ್ನೋದು ನಿಜ. ಅದಕ್ಕೆ ಅದು ಔಷಧಿ ಆಗಿಬಿಡಲ್ಲ.

ಇನ್ನೊಂದು ವಿಷಯ ಯಾವ ರೀಲ್ಸಲ್ಲೂ ಬರಲ್ಲ. ಚಹಾ ಎಲೆ ಚೆನ್ನಾಗಿ ಹಸಿರಾಗಿ, ರುಚಿ ಬರಬೇಕು ಅಂದ್ರೆ ಸಾರಜನಕ ಬೇಕು. ಶಿಜುವೊಕಾ ಅನ್ನೋ ಕಡೆ ಚಹಾ ತೋಟಗಳಿಗೆ ವರ್ಷಗಟ್ಟಲೆ ಗೊಬ್ಬರ ಸುರಿದು, ನೈಟ್ರೇಟ್ ಅಂತರ್ಜಲಕ್ಕೆ ಇಳಿದು ದೊಡ್ಡ ಸಮಸ್ಯೆ ಆಯ್ತು. ಓದಿದ ತಕ್ಷಣ ನನಗೆ ನೆನಪಾಗಿದ್ದು ನಮ್ಮ ಯೂರಿಯಾ ಚೀಲ.

3/6
45 ಕೆಜಿ ಚೀಲ, ಶೇ. 46 ಸಾರಜನಕ. ಹಾಕಿದ ಕೆಲವೇ ದಿನಕ್ಕೆ ಭತ್ತ ಕಡುಹಸಿರು. ಅದನ್ನ ನೋಡಿ ಪಕ್ಕದ ಗದ್ದೆಯವರು ಇನ್ನೊಂದು ಚೀಲ ತರ್ತಾರೆ. ಹೆಚ್ಚಾದ ಸಾರಜನಕಕ್ಕೆ ಎಲೆ ಮೆತ್ತಗಾಗಿ ಬೆಂಕಿ ರೋಗ, ಕಂದು ಜಿಗಿಹುಳು ಕರೆದಂಗೆ ಬರ್ತವೆ, ಅದಕ್ಕೊಂದು ಎಣ್ಣೆ ಹೊಡೀತಾರೆ. ಮಷಿನ್ ಕೊಯ್ಲಾದ ಮೇಲೆ ಉಳಿದ ಹುಲ್ಲಿಗೆ ಬೆಂಕಿ. ಮಣ್ಣಲ್ಲಿರೋ ಕೋಟ್ಯಂತರ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಊಟವೇ ಆ ಹುಲ್ಲು! ಊಟ ಸುಟ್ಟು, ಮೇಲ್ಪದರದಲ್ಲಿ ಇದ್ದವನ್ನೂ ಸುಟ್ಟು, ಆಮೇಲೆ ಮಣ್ಣಿಗೆ ಸತ್ವ ಇಲ್ಲ ಅಂತೀವಿ.

ಮನೇಲಿ ಮಣ್ಣು ಆರೋಗ್ಯ ಕಾರ್ಡ್ ಇದ್ರೆ ಹುಡುಕ್ರಿ. 2015ರಲ್ಲಿ ಶುರುವಾದ ಯೋಜನೆ. ಅದರಲ್ಲಿ "ಸಾವಯವ ಇಂಗಾಲ" ಅಂತ ಒಂದು ಸಾಲು ಇರ್ತೈತೆ. 0.5ಕ್ಕಿಂತ ಕೆಳಗಿದ್ರೆ "ಕಡಿಮೆ" ಅಂತ ಅರ್ಥ. ಬಹಳ ಮನೆಗಳಲ್ಲಿ ಆ ಕಾರ್ಡ್ ಪಾಸ್‌ಬುಕ್ ಜೊತೆ ಬೀರುವಿನಲ್ಲಿ ಮಲಗಿರ್ತೈತೆ.

4/6
ಇದು ಹುಡುಗಿಯರಿಗೆ, ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಚಹಾದ ಪಾಲಿಫಿನಾಲ್, ಅದೇ ನೀವು ಹೊಗಳೋ "ಆಂಟಿ ಆಕ್ಸಿಡೆಂಟ್", ಊಟದ ಜೊತೆ ಹೋದ್ರೆ ಕಾಳು, ಸೊಪ್ಪಿನಲ್ಲಿರೋ ಕಬ್ಬಿಣಾಂಶ ಮೈಗೆ ಹತ್ತೋಕೆ ಬಿಡಲ್ಲ. ಮಾಮೂಲಿ ಚಾ ಕೂಡ ಅಷ್ಟೇ. ತಿಂಡಿ ಬಿಟ್ಟು ಮಾಚಾ ಕುಡಿದು "ಡಿಟಾಕ್ಸ್" ಅನ್ನೋರು, ಕ್ಲಾಸಲ್ಲಿ ಕೊಟ್ಟ ನೀಲಿ ಮಾತ್ರೆಯನ್ನ ಕಾಂಪೌಂಡ್ ಆಚೆ ಎಸೆದವರೇ. (ಯಾರು ಅಂತ ಹೇಳಲ್ಲ. ನಗಬ್ಯಾಡ್ರಿ.) ಕುಡಿಯೋದೇ ಆದ್ರೆ ಊಟಕ್ಕೂ ಅದಕ್ಕೂ ಒಂದೆರಡು ಗಂಟೆ ಅಂತರ ಇಡ್ರಿ. ಕಾಳು ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ರಿ, ಕಬ್ಬಿಣ ಚೆನ್ನಾಗಿ ಹತ್ತುತ್ತೆ.

5/6
ಹಾಗಾದ್ರೆ ಗಟ್‌ಗೆ ಏನು ಬೇಕು? ನಾರು. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ನಾರು ತಿಂದು ಬ್ಯುಟಿರೇಟ್ ಅನ್ನೋ ಆಮ್ಲ ಮಾಡ್ತವೆ, ಕರುಳಿನ ಗೋಡೆಯ ಕೋಶಗಳಿಗೆ ಅದೇ ಆಹಾರ. ನಮ್ಮ ದಿನ ನೋಡ್ರಿ: ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಧ್ಯಾಹ್ನ ಪಾಲಿಶ್ ಮಾಡಿದ ಸೋನಾಮಸೂರಿ, ರಾತ್ರಿ ಅದೇ. ಮೂರೂ ಹೊತ್ತು ಅಕ್ಕಿ. ಒಗ್ಗರಣೆ ಜೊತೆ ಮಿರ್ಚಿಯ ಕಡ್ಲೆಹಿಟ್ಟು ಐತಲ್ಲ ಅನ್ನಬ್ಯಾಡ್ರಿ.

"ಹಿಂದಿನವರಿಗೆ ಎಲ್ಲಾ ಗೊತ್ತಿತ್ತು, ಅಂಬಲಿ ಕುಡೀರಿ" ಅನ್ನೋ ರೀಲ್ಸಿನವರ ಕಡೆಯವನೂ ನಾನಲ್ಲ. ಮಣ್ಣಿನ ಬ್ಯಾಕ್ಟೀರಿಯಾ ಅಕ್ಕಿಯೊಳಗೆ ಕೂತು ಸೀದಾ ಹೊಟ್ಟೆಗೆ ಬರ್ತವೆ ಅನ್ನೋದೂ ಸುಳ್ಳು, ಅನ್ನ ಬೆಂದಾಗ ಏನು ಉಳೀತೈತೆ? ಮಣ್ಣಿಗೂ ಹೊಟ್ಟೆಗೂ ಸಂಬಂಧ ಬೇರೆ ಕಡೆ ಐತೆ, ಕಾಳಿನಲ್ಲಿ. ಹೆಸರು, ಅಲಸಂದಿ, ತೊಗರಿ, ಶೇಂಗಾ ಇವುಗಳ ಬೇರಲ್ಲಿ ರೈಜೋಬಿಯಂ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡೀತೈತೆ. ಕೆಲಸ ಮಾಡೋ ಗಂಟನ್ನ ಉಗುರಲ್ಲಿ ಸೀಳಿದ್ರೆ ಒಳಗೆ ಕೆಂಪು. ಅದು ಲೆಗ್‌ಹೀಮೋಗ್ಲೋಬಿನ್, ನಮ್ಮ ರಕ್ತದ ಹೀಮೋಗ್ಲೋಬಿನ್‌ನ ದೂರದ ನೆಂಟ, ಅದರಲ್ಲೂ ಕಬ್ಬಿಣ. ಯೂರಿಯಾ ಜಾಸ್ತಿ ಆದ್ರೆ ಗಿಡ ಗಂಟು ಕಟ್ಟೋದೇ ಕಡಿಮೆ ಮಾಡ್ತೈತೆ. ಸುಮ್ಮನೆ ಸಿಗೋವಾಗ ದುಡಿಯೋರು ಯಾರು?

6/6
"ಹಂಗಂತ ಭತ್ತ ಬಿಡೋಕಾಗ್ತದಾ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಡ್ಯಾಮ್ ನೀರು ನಂಬಿಕೊಂಡ ಊರು ನಮ್ಮದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದಾಗ ಯಾರ ಮನೇಲೂ ನಿದ್ದೆ ಇರಲಿಲ್ಲ. ಭತ್ತಕ್ಕೆ ಗಿರಾಕಿ ಐತೆ, ಮಿಲ್ ಐತೆ, ಹೆಸರಿಗೆ ರೇಟು ಯಾವಾಗ ಬೀಳ್ತೈತೋ ಗೊತ್ತಿಲ್ಲ. ಸಾಲ ಇರೋ ಅಪ್ಪನಿಗೆ ಹೋಗಿ ಬೆಳೆ ಬದಲಿಸು ಅನ್ನೋದು ಸುಲಭ ಅಲ್ಲ, ನಾನೂ ಅಂದು ಬೈಸಿಕೊಂಡೀನಿ. ಆದ್ರೂ ಎರಡನೇ ಬೆಳೆಗೆ ನೀರು ಸಾಲದ ವರ್ಷ ಗದ್ದೆ ಖಾಲಿ ಬೀಳ್ತೈತಲ್ಲ, ಹೆಸರು ಸುಮಾರು 65-70 ದಿನದ ಬೆಳೆ, ನೀರೂ ಕಡಿಮೆ. ಅರ್ಧ ಎಕರೆ ಕೇಳ್ರಿ. ಅದೂ ಇಲ್ಲ ಅಂದ್ರೆ ಬದುವಿನ ಮೇಲೆ ಅಲಸಂದಿ ಹಾಕ್ರಿ, ಬದುವಿಗೆ ಯಾರೂ ಬೈಯಲ್ಲ.

ಕಾಳು ಬಿತ್ತಿದವರು ಒಂದು ತಿಂಗಳು ಕಳೆದ ಮೇಲೆ ಒಂದು ಗಿಡ ಮಣ್ಣು ಸಮೇತ ಕಿತ್ತು, ಬೇರು ತೊಳೆದು, ಗಂಟು ಸೀಳಿ ಫೋಟೋ ಕಳಿಸ್ರಿ, ಸ್ಟೋರಿಗೆ ಹಾಕ್ತೀನಿ. ಒಳಗೆ ಬೆಳ್ಳಗಿದ್ರೂ ಕಳಿಸ್ರಿ. ಆ ಗದ್ದೆಗೆ ಎಷ್ಟು ಚೀಲ ಯೂರಿಯಾ ಹೋಗಿತ್ತು ಅನ್ನೋದನ್ನೂ ಜೊತೆಗೆ ಬರೀರಿ.

#ಎಮ್ಮಿಗನೂರು #ಕಂಪ್ಲಿ #ಹೆಸರುಕಾಳು #ಮಾಚಾ