ಲೂಪ್ ಹಾಕಿದ್ರೆ ಕಳ್ಳತನಾನಾ? (ಭಾಗ 3)

"ಲೂಪ್ ಹಾಕಿದ್ರೆ ಅದು ನಿನ್ನ ಹಾಡೇ ಅಲ್ಲ" ಅಂತೀರಲ್ಲ, ಒಂದು ನಿಮಿಷ ಕೇಳಿ.

ರಿಯಾನಾ ಹಾಡಿದ 'ಅಂಬ್ರೆಲಾ', 2007. ಅದರ ಡ್ರಮ್ಸ್ ಗ್ಯಾರೇಜ್‌ಬ್ಯಾಂಡ್ ಜೊತೆಗೇ ಬರೋ ರೆಡಿಮೇಡ್ ಲೂಪ್. ಆ ಸಾಫ್ಟ್‌ವೇರ್ ಇದ್ದ ಯಾರು ಬೇಕಾದ್ರೂ ಬಳಸಬಹುದಿತ್ತು. 'ಅಂಬ್ರೆಲಾ' ಮಾತ್ರ ಒಂದೇ ಬಂತು. ಸೋಮಾರಿತನ ಅನ್ನೋ ವಾದ ಇಲ್ಲಿಗೆ ಮುಗೀತು.

ನಿಜವಾದ ತಪ್ಪು ಬೇರೆ ಕಡೆ ಇದೆ.

1969ರಲ್ಲಿ ದಿ ವಿನ್‌ಸ್ಟನ್ಸ್ ಬ್ಯಾಂಡಿನ 'ಆಮೆನ್, ಬ್ರದರ್' ಬಂತು. ಮಧ್ಯೆ ಗ್ರೆಗರಿ ಕೋಲ್‌ಮನ್ ಒಬ್ಬರೇ ಡ್ರಮ್ಸ್ ಬಾರಿಸೋದು ಸುಮಾರು 7 ಸೆಕೆಂಡ್. ಆ ತುಂಡನ್ನ ಸಾವಿರಾರು ಹಾಡುಗಳು ಎತ್ತಿಕೊಂಡವು. ಜಂಗಲ್ ಸಂಗೀತ ನಿಂತಿದ್ದೇ ಅದರ ಮೇಲೆ. ಕೋಲ್‌ಮನ್‌ಗೆ ರಾಯಲ್ಟಿ ಬರಲಿಲ್ಲ. 2006ರಲ್ಲಿ ಸ್ವಂತ ಸೂರಿಲ್ಲದೆ ತೀರಿಕೊಂಡರು.

ಬಿಕಾಂನಲ್ಲಿ ಮೊದಲು ಕಲಿಸೋ ರೂಲ್: ಪಡೆದವರಿಗೆ ಡೆಬಿಟ್, ಕೊಟ್ಟವರಿಗೆ ಕ್ರೆಡಿಟ್. ನಾವು ಬೀಟ್ ಮಾಡೋರು ಅರ್ಧ ಎಂಟ್ರಿ ಬರೆದು ಪುಸ್ತಕ ಮುಚ್ಚಿಬಿಡ್ತೀವಿ.

ನಾನೂ ಸಾಚಾ ಅಲ್ಲ. ಡೊಳ್ಳಿನ ಲೂಪ್ ಹಾಕಿ ಟ್ರ್ಯಾಕ್ ಮಾಡಿದ್ದೆ. ಅಪ್ಪ ಕೇಳಿ, "ಚೆನ್ನಾಗಿ ಬಾರಿಸಿದ್ದಾನೆ, ಯಾರದು?" ಅಂದ್ರು. ನನಗೆ ಗೊತ್ತಿದ್ದಿದ್ದು ಫೋಲ್ಡರ್ ಹೆಸರು ಮಾತ್ರ.

"ರಾಯಲ್ಟಿ ಫ್ರೀ ಪ್ಯಾಕ್ ಕಣೋ" ಅಂತೀರಾ? ಅದರರ್ಥ ಪ್ರತಿ ಸಲ ದುಡ್ಡು ಕೊಡಬೇಕಿಲ್ಲ ಅಂತ. ಹೆಸರು ಹೇಳಬಾರದು ಅಂತಲ್ಲ.

ಅದಕ್ಕೇ ಲೂಪ್ ಹಾಕಿ, ಧೈರ್ಯವಾಗಿ ಹಾಕಿ. ಆದ್ರೆ ಬಾರಿಸಿದವರ ಹೆಸರಿರೋ ಪ್ಯಾಕ್ ಹುಡುಕಿ, ಆ ಹೆಸರನ್ನ ಕ್ಯಾಪ್ಷನ್‌ನಲ್ಲಿ ಬರೀರಿ. ಸಿಗಲಿಲ್ವಾ? ನಿಮ್ಮೂರ ಡೊಳ್ಳಿನ ತಂಡದ ಹತ್ರ ಹೋಗಿ. ಒಪ್ಪಿಗೆ ಕೇಳಿ, ದುಡ್ಡು ಕೊಟ್ಟು, ಫೋನಲ್ಲೇ ರೆಕಾರ್ಡ್ ಮಾಡಿ.

ಈಗ ನಿಮ್ಮ ಕೊನೇ ಟ್ರ್ಯಾಕ್ ತೆಗೀರಿ. ಬಾರಿಸಿದ್ದು ಯಾರು?

#ಲೂಪ್ #ಕೊಟ್ಟವರಿಗೆಕ್ರೆಡಿಟ್