ಭಯೋತ್ಪಾದನೆಯ ಪಾಠಕ್ಕೆ ಆಧಾರ ಯಾವುದು?

ನಮ್ಮ ರಾಜ್ಯಶಾಸ್ತ್ರದ ಪಾಠಗಳಲ್ಲಿ ಭಯೋತ್ಪಾದನೆಯೂ ಒಂದು. ಅರ್ಥ, ಲಕ್ಷಣಗಳು, ಕಾರಣಗಳು, ಪರಿಹಾರೋಪಾಯಗಳು ಎಂದು ಗೈಡುಗಳಲ್ಲಿ ಸಾಲಾಗಿ ಜೋಡಿಸಿಟ್ಟಿರುವ ಅಂಶಗಳನ್ನು ಕಂಠಪಾಠ ಮಾಡಿ, ಹತ್ತು ಅಂಕದ ಪ್ರಶ್ನೆಗೆ ಹತ್ತು ಅಂಶಗಳನ್ನು ಬರೆದು ನಾವೆಲ್ಲರೂ ದಡ ಸೇರುತ್ತೇವೆ. ಬಡತನ, ನಿರುದ್ಯೋಗ, ಮತಾಂಧತೆ, ನೆರೆರಾಷ್ಟ್ರದ ಕುಮ್ಮಕ್ಕು. ಇವು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಆ ಪುಟಗಳಲ್ಲಿ ಒಂದು ಘಟನೆಯಾದರೂ ನಡೆಯುವುದಿಲ್ಲ. ಒಬ್ಬ ಮನುಷ್ಯನಾದರೂ ಸಾಯುವುದಿಲ್ಲ.

ತರಗತಿಯಿಂದ ಹೊರಬಂದರೆ ಸ್ಥಿತಿ ಇದಕ್ಕೆ ತೀರ ವಿರುದ್ಧ. ಅಂಗೈಯಲ್ಲಿರುವ ಫೋನಿನಲ್ಲಿ ಘಟನೆಗಳಿಗೆ ಬರವೇ? ಪ್ರತಿವರ್ಷ ನವೆಂಬರ್ 26 ಬಂದಿತೆಂದರೆ ಮೇಣದಬತ್ತಿಯ ಚಿತ್ರಗಳು, ಕಿವಿಗಡಚಿಕ್ಕುವ ಸಂಗೀತದ ವೀಡಿಯೋಗಳು, ಯಾರೋ ಎಲ್ಲಿಂದಲೋ ತಂದ ಅಂಕಿಗಳು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹರಿದಾಡುತ್ತವೆ. ಅದರ ಬೆನ್ನಿಗೇ ಒಂದು ಇಡೀ ಸಮುದಾಯದ ಮೇಲೆ ಯಾರಾದರೊಬ್ಬರ ಮಾತು ಬಂದು ಬೀಳುತ್ತದೆ. ಆ ದಿನ ನನ್ನ ಗೆಳೆಯನೊಬ್ಬನು ಕ್ಯಾಂಟೀನಿಗೆ ಬರುವುದಿಲ್ಲ. ಏಕೆ ಬರಲಿಲ್ಲವೆಂದು ಯಾರೂ ಕೇಳುವುದಿಲ್ಲ; ಎಲ್ಲರಿಗೂ ಗೊತ್ತು.

ಬಿ.ಎ. ಮುಗಿಸಿ ಬಿ.ಇಡಿ.ಗೆ ಸೇರಬೇಕೆಂಬುದು ನನ್ನ ಆಸೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ; ಆದುದರಿಂದ ಅಚ್ಚಾದುದೆಲ್ಲವೂ ನಿಜವೆಂಬ ಗೌರವ ನಮ್ಮ ತಂದೆಯವರಿಗೆ ಇನ್ನೂ ಇದೆ. ಈಗ ಆ ಗೌರವವನ್ನು ಅವರು ಫೋನಿಗೂ ಕೊಟ್ಟಿದ್ದಾರೆ. ಮುಂಬಯಿಯ ಆ ದಾಳಿ ನಡೆದಾಗ, ಅಂದರೆ 2008ರಲ್ಲಿ, ನನಗೆ ಮೂರು ವರ್ಷ. ನಾಳೆ ನನ್ನಂಥವರು ಪಾಠ ಹೇಳಬೇಕಾದ ಮಕ್ಕಳು ಆಗ ಹುಟ್ಟಿಯೇ ಇರಲಿಲ್ಲ. ಕಂಡವರು ಕಾಣದವರಿಗೆ ಹೇಳುವುದು ಒಂದು ಬಗೆ. ಕಾಣದವನೇ ಕಾಣದವರಿಗೆ ಹೇಳಬೇಕಾದಾಗ ಆಧಾರವಿಲ್ಲದೆ ಬಾಯಿ ತೆರೆಯುವುದು ಹೇಗೆ?

ಈ ವರ್ಷದ ಸೆಮಿನಾರಿಗೆ ನಾನು ಇದೇ ವಿಷಯವನ್ನು ಆರಿಸಿಕೊಂಡೆ. ಮೊದಲು ಎಡವಿದ್ದು ಸತ್ತವರ ಲೆಕ್ಕದಲ್ಲಿ. ಒಂದೆಡೆ 166, ಇನ್ನೊಂದೆಡೆ 175, ದಾಳಿ ಮುಗಿದ ಹೊತ್ತಿನ ವರದಿಗಳಲ್ಲಿ 195. ಯಾವುದನ್ನು ನಂಬುವುದು? ಸುಪ್ರೀಂ ಕೋರ್ಟು 2012ರ ಆಗಸ್ಟ್ 29ರಂದು ಕೊಟ್ಟ ತೀರ್ಪಿನಲ್ಲಿ 166 ಮಂದಿ ಸತ್ತರು, 238 ಮಂದಿ ಗಾಯಗೊಂಡರು ಎಂದಿದೆ. ಸತ್ತ ಒಂಬತ್ತು ಮಂದಿ ದಾಳಿಕಾರರನ್ನು ಸೇರಿಸಿದರೆ 175. 195 ಎಂಬುದು ಗಡಿಬಿಡಿಯ ದಿನಗಳ ಎಣಿಕೆ. ಮುಂದೆ ಅಧಿಕಾರಿಗಳೇ ಅದನ್ನು ತಗ್ಗಿಸಿದರು. ಮೂರರಲ್ಲಿ ಯಾವುದೂ ಯಾರೋ ಬೇಕೆಂದು ಕಟ್ಟಿದ ಸುಳ್ಳಲ್ಲ. ಆದರೆ ಯಾರು, ಎಂದು, ಯಾರನ್ನು ಸೇರಿಸಿ ಎಣಿಸಿದರು ಎಂಬುದನ್ನು ತಿಳಿಯದೆ ಬರಿಯ ಅಂಕಿಯನ್ನು ಹೇಳುವವನು ಮಕ್ಕಳಿಗೆ ಏನನ್ನೂ ಕಲಿಸಿದಂತಾಗುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಮುಂಬಯಿ ದಾಳಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ತಾಜ್ ಹೋಟೆಲಿನ ಗುಮ್ಮಟವೂ ಅದರಿಂದ ಏಳುವ ಹೊಗೆಯೂ ಅಲ್ಲವೆ? ಆದರೆ ಎಲ್ಲಕ್ಕಿಂತ ಹೆಚ್ಚು ಜನ ಸತ್ತ ಸ್ಥಳ ಅದಲ್ಲ. ಅದು ಛತ್ರಪತಿ ಶಿವಾಜಿ ಟರ್ಮಿನಸ್ ರೈಲುನಿಲ್ದಾಣ. ಗಂಟುಮೂಟೆಯೊಡನೆ ರೈಲಿಗೆ ಕಾಯುತ್ತಿದ್ದವರಲ್ಲಿ 52 ಮಂದಿ ಅಲ್ಲಿ ಗುಂಡಿಗೆ ಬಲಿಯಾದರು. ಅಲ್ಲಿ ಎಲ್ಲವೂ ಬೇಗ ಮುಗಿದುಹೋಯಿತು. ಹೋಟೆಲಿನಲ್ಲಿ 29ರ ಬೆಳಗಿನವರೆಗೂ ನಡೆಯಿತು. ಕ್ಯಾಮೆರಾಗಳು ನಿಂತದ್ದು ಹೋಟೆಲಿನ ಮುಂದೆ. ಕೂಲಿಗಾಗಿ ಗಂಟು ಹೊತ್ತು ಪರವೂರಿನ ರೈಲು ಹತ್ತಿದವರು ನಮ್ಮ ವಂಶದಲ್ಲೂ ಉಂಟು. ನಾನು ಪಾಠ ಹೇಳುವುದಾದರೆ ನಿಲ್ದಾಣದಿಂದಲೇ ಆರಂಭಿಸುವೆನು.

ಕ್ಯಾಮೆರಾಗಳ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಗಡಿಯಾಚೆ ಕುಳಿತಿದ್ದ ಸೂತ್ರಧಾರರು ನಮ್ಮ ದೂರದರ್ಶನ ವಾಹಿನಿಗಳ ನೇರಪ್ರಸಾರವನ್ನು ನೋಡುತ್ತ, ಒಳಗಿದ್ದ ದಾಳಿಕಾರರಿಗೆ ಫೋನಿನಲ್ಲಿ ಮಾರ್ಗದರ್ಶನ ಮಾಡುತ್ತಿದ್ದರು. ಆ ಸಂಭಾಷಣೆಗಳು ತೀರ್ಪಿನಲ್ಲಿಯೇ ದಾಖಲಾಗಿವೆ. ವಾಹಿನಿಗಳ ನಡತೆಯನ್ನು ನ್ಯಾಯಾಲಯ ಕಟುವಾಗಿ ಟೀಕಿಸಿದೆ. 2015ರಲ್ಲಿ ಸರ್ಕಾರ ಕೇಬಲ್ ಟೆಲಿವಿಷನ್ ನಿಯಮಗಳನ್ನು ತಿದ್ದಿ ಇಂಥ ಕಾರ್ಯಾಚರಣೆಗಳ ನೇರಪ್ರಸಾರವನ್ನು ನಿಷೇಧಿಸಿತು. ಹೀಗಿರಲು, ಅಂದಿನ ಪ್ರಸಾರದ ತುಣುಕುಗಳನ್ನೇ ಇಂದು ಅಂಟಿಸಿ ಮಾಡಿದ ವೀಡಿಯೋವನ್ನು ‘ಇತಿಹಾಸ’ವೆಂದು ತರಗತಿಯಲ್ಲಿ ತೋರಿಸುವುದು ಎಷ್ಟು ಸರಿ?

ನ್ಯಾಯಾಲಯದ ತೀರ್ಪು ನೂರಾರು ಪುಟಗಳ ಇಂಗ್ಲಿಷು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಲು ನನಗೆ ಬೇಸಿಗೆಯ ರಜೆ ಪೂರ್ತಿ ಹಿಡಿಯಿತು, ಅದೂ ಎಲ್ಲ ಪುಟಗಳನ್ನಲ್ಲ. ಆದರೆ ಅದರಲ್ಲಿ ದೊರೆತದ್ದು ಯಾವ ಗೈಡಿನಲ್ಲಿಯೂ ದೊರೆಯಲಿಲ್ಲ. ಜೀವಂತವಾಗಿ ಸಿಕ್ಕ ಏಕೈಕ ದಾಳಿಕಾರ ಕಸಬ್‌ನ ಪರವಾಗಿ ವಾದಿಸಲು ಸುಪ್ರೀಂ ಕೋರ್ಟು ರಾಜು ರಾಮಚಂದ್ರನ್ ಎಂಬ ಹಿರಿಯ ವಕೀಲರನ್ನು ನೇಮಿಸಿತು. ‘ಅವನಿಗೇಕೆ ವಕೀಲ?’ ಎಂದು ನನ್ನ ಸಹಪಾಠಿಗಳು ಕೇಳಿದರು. ಉತ್ತರ ಅದೇ ತೀರ್ಪಿನಲ್ಲಿ, ಇನ್ನಿಬ್ಬರು ಆರೋಪಿಗಳ ವಿಚಾರದಲ್ಲಿದೆ. ಮುಂಬಯಿಯ ನಕ್ಷೆ ಬರೆದುಕೊಟ್ಟರೆಂದು ಇಬ್ಬರು ಭಾರತೀಯರ ಮೇಲೆ ಆರೋಪವಿತ್ತು. ಸತ್ತ ದಾಳಿಕಾರನ ಜೇಬಿನಲ್ಲಿ ಸಿಕ್ಕಿತೆಂದ ಆ ನಕ್ಷೆಯ ಮೇಲೆ, ಅವನ ಉಡುಪೆಲ್ಲ ರಕ್ತದಿಂದ ತೊಯ್ದಿದ್ದರೂ, ರಕ್ತದ ಕಲೆಯೇ ಇರಲಿಲ್ಲ! ವಿಚಾರಣಾ ನ್ಯಾಯಾಲಯ 2010ರಲ್ಲಿ ಅವರಿಬ್ಬರನ್ನೂ ಬಿಡುಗಡೆ ಮಾಡಿತು. ಹೈಕೋರ್ಟೂ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿದವು. ದೇಶವೆಲ್ಲ ಕುದಿಯುತ್ತಿದ್ದ ಕಾಲದಲ್ಲಿ ಒಂದು ಕಾಗದದ ಮೇಲಿಲ್ಲದ ಕಲೆಯನ್ನು ಗಮನಿಸಿದ ನ್ಯಾಯಾಧೀಶರಿಗಿಂತ ದೊಡ್ಡ ಪಾಠ ನಮಗೆ ಬೇಕೆ? ಕಸಬ್‌ನನ್ನು 2012ರ ನವೆಂಬರ್ 21ರಂದು ಯೆರವಡಾದಲ್ಲಿ ಗಲ್ಲಿಗೇರಿಸಿದುದು ಎಲ್ಲರ ಬಾಯಲ್ಲಿದೆ. ಆ ಇಬ್ಬರ ಬಿಡುಗಡೆ ಯಾರ ಬಾಯಲ್ಲಿಯೂ ಇಲ್ಲ.

ಹಾಗೆಯೇ, ಸತ್ತ ಒಂಬತ್ತು ಮಂದಿಯ ಶವಗಳಿಗೆ ತಮ್ಮ ಸ್ಮಶಾನದಲ್ಲಿ ಜಾಗ ಕೊಡುವುದಿಲ್ಲವೆಂದು ಮುಂಬಯಿಯ ಮುಸ್ಲಿಂ ಸಂಸ್ಥೆಯೇ ನಿರಾಕರಿಸಿತು. 2010ರ ಜನವರಿಯಲ್ಲಿ ಸರ್ಕಾರ ಗುಟ್ಟಾಗಿ ಅವನ್ನು ಹೂಳಬೇಕಾಯಿತು. ನಮ್ಮ ಗುಂಪಿನಲ್ಲಿ ಪ್ರತಿವರ್ಷ ಬರುವ ಸಂದೇಶಗಳಲ್ಲಿ ಈ ಸಂಗತಿಯನ್ನು ನಾನು ಒಮ್ಮೆಯೂ ಕಂಡಿಲ್ಲ.

ತೀರ್ಪೊಂದೇ ಸಾಕೆಂಬುದು ನನ್ನ ವಾದವಲ್ಲ. ನ್ಯಾಯಾಲಯ ನೋಡುವುದು ತನ್ನ ಮುಂದೆ ಬಂದ ಅಪರಾಧವನ್ನು. ಪೊಲೀಸ್ ವ್ಯವಸ್ಥೆಯ ಲೋಪಗಳನ್ನು ತಿಳಿಯಬೇಕಾದರೆ ಮಹಾರಾಷ್ಟ್ರ ಸರ್ಕಾರ ನೇಮಿಸಿದ ರಾಮ್ ಪ್ರಧಾನ್ ಸಮಿತಿಯ ವರದಿಯ ಕಡೆ ತಿರುಗಬೇಕು. ಅಂಕಿ ಅಂಶಗಳಿಗೆ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 1970ರಿಂದೀಚಿನ ಘಟನೆಗಳನ್ನು ಒಟ್ಟುಗೂಡಿಸಿದ ಕೋಶವುಂಟು. ಆದರೆ ಅದೂ ಬಹುಮಟ್ಟಿಗೆ ಪತ್ರಿಕಾವರದಿಗಳನ್ನು ನೆಚ್ಚಿಕೊಂಡದ್ದು. ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ವಿಷಯಕ್ಕೆ 2022ರ ಚಲನಚಿತ್ರ ಸಾಲದೆ ಎನ್ನುವವರಿದ್ದಾರೆ. ಬೆಂಗಳೂರಿನಲ್ಲಿ ಬೆಳೆದ ಆ ವೀರನ ವಿಷಯದಲ್ಲಿ ನಮಗೆಲ್ಲ ಅಭಿಮಾನ ಸಹಜ. ಆದರೆ ಚಲನಚಿತ್ರ ಮನಸ್ಸನ್ನು ಕಲಕುವುದಕ್ಕೆ ಮಾಡಿದ್ದು, ಸಾಕ್ಷಿ ಹೇಳುವುದಕ್ಕಲ್ಲ.

ಅನಂತರದ ಪರಿಣಾಮಗಳಂತೂ ಪಾಠದೊಳಗೆ ಬರುವುದೇ ಇಲ್ಲ. ಅದೇ ಡಿಸೆಂಬರಿನಲ್ಲಿ ರಾಷ್ಟ್ರೀಯ ತನಿಖಾ ದಳದ ಕಾಯಿದೆ ಅಂಗೀಕಾರವಾಯಿತು. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಗೆ ತಿದ್ದುಪಡಿಯಾಗಿ, ಆರೋಪಪಟ್ಟಿಯಿಲ್ಲದೆ 180 ದಿನಗಳವರೆಗೆ ಬಂಧನದಲ್ಲಿಡಲು ಅವಕಾಶ ಬಂದಿತು. ಇದು ಸರಿಯೋ ತಪ್ಪೋ, ತರಗತಿಯಲ್ಲಿ ವಾದಿಸಲಿ. ವಾದಿಸುವುದಕ್ಕೆ ಮೊದಲು ತಿಳಿದಿರಬೇಡವೆ? ಪ್ರಕರಣವೂ ಮುಗಿದಿಲ್ಲ, ತಹವ್ವುರ್ ರಾಣಾನನ್ನು ಅಮೆರಿಕದಿಂದ ಇಲ್ಲಿಗೆ ಕರೆತಂದದ್ದು 2025ರ ಏಪ್ರಿಲಿನಲ್ಲಿ.

ಎಳೆಯ ಮಕ್ಕಳಿಗೆ ಈ ರಕ್ತಪಾತದ ಕಥೆಯೇಕೆ ಎಂದು ನಮ್ಮ ಪೂಜ್ಯ ಅಧ್ಯಾಪಕರೊಬ್ಬರು ಸೆಮಿನಾರಿನ ದಿನ ಕೇಳಿದರು. ಅವರ ಕಳವಳವನ್ನು ನಾನು ಗೌರವಿಸುತ್ತೇನೆ. ಆದರೆ ಮಕ್ಕಳು ಅದನ್ನು ಈಗಾಗಲೇ ಕಾಣುತ್ತಿದ್ದಾರೆ, ಸಂಗೀತಸಮೇತವಾಗಿ. ನ್ಯೂಯಾರ್ಕಿನಲ್ಲಿ 2001ರ ಸೆಪ್ಟೆಂಬರ್ 11ರ ದಾಳಿಯ ಸ್ಮಾರಕ ಸಂಗ್ರಹಾಲಯದವರು ಶಾಲೆಗಳಿಗಾಗಿಯೇ, ವಯಸ್ಸಿಗೆ ತಕ್ಕಂತೆ, ಪಾಠಗಳನ್ನು ಸಿದ್ಧಪಡಿಸಿ ಎಲ್ಲರಿಗೂ ಉಚಿತವಾಗಿ ಒದಗಿಸಿದ್ದಾರೆ. ಆ ದಾಳಿಯನ್ನು ಕುರಿತ ಆಯೋಗದ ವರದಿ 2004ರಲ್ಲೇ ಸಾಮಾನ್ಯ ಜನರು ಪುಸ್ತಕದ ಅಂಗಡಿಯಲ್ಲಿ ಕೊಂಡು ಓದುವಂತೆ ಪ್ರಕಟವಾಯಿತು. ನಮ್ಮಲ್ಲಿ ದಾಖಲೆಗಳಿಲ್ಲವೆಂದಲ್ಲ. ಅವನ್ನು ಕತ್ತರಿಸಿ, ಕನ್ನಡಕ್ಕೆ ತಂದು, ಹಳ್ಳಿಯ ಪ್ರೌಢಶಾಲೆಯ ಮೇಷ್ಟರ ಮೇಜಿನ ಮೇಲೆ ಇಡುವವರಿಲ್ಲ.

ನನ್ನ ಸಲಹೆ ದೊಡ್ಡದೇನಲ್ಲ. ಇಪ್ಪತ್ತು ಪುಟಗಳ ಒಂದು ಕಿರುಹೊತ್ತಿಗೆ: ಸತ್ತವರ ಎಣಿಕೆ, ನಿಲ್ದಾಣದ ರಾತ್ರಿ, ನಕ್ಷೆಯ ವಿಚಾರ, ಲಾಠಿಯೊಂದನ್ನೇ ಹಿಡಿದು ಕಸಬ್‌ನ ಬಂದೂಕಿಗೆ ಎದುರಾದ ಪೊಲೀಸ್ ಅಧಿಕಾರಿ ತುಕಾರಾಂ ಓಂಬಳೆಯವರ ಸಂಗತಿ. ಪ್ರತಿಯೊಂದು ಮಾತಿನ ಪಕ್ಕದಲ್ಲಿ ಅದು ಯಾವ ದಾಖಲೆಯ ಎಷ್ಟನೆಯ ಪುಟದ್ದೆಂಬ ಗುರುತು ಇರಲಿ. ರಾಜ್ಯಶಾಸ್ತ್ರ, ಇಂಗ್ಲಿಷ್ ಮತ್ತು ಕನ್ನಡ ವಿಭಾಗಗಳು ಮನಸ್ಸು ಮಾಡಿದರೆ ಒಂದು ಸೆಮಿಸ್ಟರಿನ ಕೆಲಸ. ನಿಲ್ದಾಣದ ಭಾಗವನ್ನು ನಾನು ಆಗಲೇ ಕನ್ನಡಕ್ಕೆ ತರತೊಡಗಿದ್ದೇನೆ, ಏಳು ಪುಟಗಳಾಗಿವೆ. ಕಾನೂನಿನ ಪದಗಳಲ್ಲಿ ಕೈ ಕಟ್ಟುತ್ತಿದೆ. ಬಲ್ಲವರು ಗ್ರಂಥಾಲಯದಲ್ಲಿ, ಮಧ್ಯಾಹ್ನ ಮೂರರ ಮೇಲೆ, ನನ್ನನ್ನು ಕಾಣಬಹುದು.