ಚಾಂಗ್ಥಾಂಗ್‌ನ ಹುಲ್ಲು ಯಾರದು?

ಲಡಾಖಿನ ಪೂರ್ವದಂಚಿನ ಚಾಂಗ್ಥಾಂಗ್ ಸಮುದ್ರಮಟ್ಟದಿಂದ 4,000 ಮೀಟರಿಗೂ ಮೇಲಿರುವ, ಮರವೇ ಕಾಣದ ಬಯಲು. ದಿಲ್ಲಿಯಲ್ಲಿ ಕೂತು ನಕಾಶೆ ನೋಡುವವರಿಗೆ ಅದು ಖಾಲಿ ಜಾಗ. ಮೇಕೆ, ಕುರಿ, ಯಾಕ್ ಕಾಯುತ್ತ ಋತುವಿಗೊಂದು ಕಡೆ ಗುಡಾರ ಹೂಡುವ ಚಾಂಗ್ಪಾಗಳಿಗೆ ಅದೇ ಊರು, ಅದೇ ಹೊಲ. ನಾವು ಹೆಮ್ಮೆಯಿಂದ ಹೊದೆಯುವ ಪಶ್ಮೀನಾ ಶಾಲಿನ ಉಣ್ಣೆ ಹುಟ್ಟುವುದು ಅಲ್ಲಿ.

ಮೈನಸ್ ಮೂವತ್ತು ಡಿಗ್ರಿಯ ಚಳಿ ತಡೆಯಲೆಂದು ಮೇಕೆಯ ಒರಟು ಕೂದಲಿನ ಅಡಿಯಲ್ಲಿ ನವಿರಾದ ತುಪ್ಪಳ ಬೆಳೆಯುತ್ತದೆ. ಎಳೆಯ ದಪ್ಪ 12ರಿಂದ 14 ಮೈಕ್ರಾನ್. ನಮ್ಮ ತಲೆಗೂದಲಿನ ಐದನೇ ಒಂದು ಪಾಲು. ಬೇಸಿಗೆ ಬಂದಾಗ ಅದು ತಾನಾಗಿ ಸಡಿಲುತ್ತದೆ. ಆಗ ಮೇಕೆಯ ಕಾಲು ಕಟ್ಟಿ, ಮಗ್ಗುಲಿಗೆ ಮಲಗಿಸಿ, ಬಾಗಿದ ಹಲ್ಲಿನ ಬಾಚಣಿಗೆಯಿಂದ ಬಾಚಿ ತೆಗೆಯುತ್ತಾರೆ. ಒಂದು ಮೇಕೆಯಿಂದ ಸಿಗುವುದು ಕಾಲು ಕಿಲೋ ಆಸುಪಾಸು. ಒರಟು ಕೂದಲು, ಮಣ್ಣು ಬೇರ್ಪಡಿಸಿದ ಮೇಲೆ ಅದರಲ್ಲಿ ಅರ್ಧವೂ ಉಳಿಯುವುದಿಲ್ಲ. ಹೀಗಿರುವಾಗ ಐನೂರು ರೂಪಾಯಿಗೆ 'ಅಸಲಿ ಪಶ್ಮೀನಾ' ಕೊಡುತ್ತೇನೆನ್ನುವವನ ಮಾತನ್ನು ನಂಬುವುದು ಹೇಗೆ?

ಶಾಲು ಅಸಲಿಯಾದರೂ ಪ್ರಶ್ನೆ ಮುಗಿಯುವುದಿಲ್ಲ. ಆ ಮೇಕೆ ಮೇಯುವ ನೆಲವೇ ಕರಗುತ್ತಿದೆ. 1962ರ ಚೀನಾ ಯುದ್ಧದ ನಂತರ ಚಳಿಗಾಲದ ಒಳ್ಳೆಯ ಹುಲ್ಲುಗಾವಲುಗಳು ಕೈತಪ್ಪಿದವು. 2020ರ ಗಡಿ ಸಂಘರ್ಷದ ಬಳಿಕ ಇನ್ನಷ್ಟು ಕಡೆ ಮಂದೆ ಹೋಗದಂತಾಯಿತು. 2024ರ ಜನವರಿಯಲ್ಲಿ ಗಡಿಯ ಚುಶೂಲ್ ಕಡೆಯ ಕುರಿಗಾಹಿಗಳು ಚೀನೀ ಸೈನಿಕರಿಗೆ ಎದುರು ನಿಂತು 'ಇದು ನಮ್ಮ ಮೇವಿನ ಜಾಗ' ಎಂದು ವಾದಿಸಿದ ವಿಡಿಯೊ ನೋಡಿ ನಾವೆಲ್ಲ ಭೇಷ್ ಎಂದೆವು. ಆ ಜಾಗಕ್ಕೆ ಅವರ ಹೆಸರಿನಲ್ಲಿ ಒಂದು ಚೀಟಿಯಾದರೂ ಇದೆಯೇ ಎಂದು ಎಷ್ಟು ಮಂದಿ ಕೇಳಿದೆವು? ಚಾಂಗ್ಥಾಂಗ್‌ನ ಖರ್ನಕ್‌ನ ಬಹುಪಾಲು ಕುಟುಂಬಗಳು ಆಗಲೇ ಮಂದೆ ಮಾರಿ, ಲೇಹ್ ಪಟ್ಟಣದ ಮಗ್ಗುಲಿಗೆ ಬಂದು, ಕೂಲಿನಾಲಿ ಮಾಡಿಕೊಂಡಿವೆ.

ಈಗ ಸೌರಶಕ್ತಿಯ ಸರದಿ. ಚಾಂಗ್ಥಾಂಗ್‌ನದೇ ಪಾಂಗ್ ಬಯಲಿನಲ್ಲಿ 13 ಗಿಗಾವಾಟ್‌ನ ನವೀಕರಿಸಬಹುದಾದ ಇಂಧನ ಯೋಜನೆ. ಅಲ್ಲಿಂದ ಹರಿಯಾಣದ ಕೈಥಲ್‌ವರೆಗೆ ತಂತಿ ಎಳೆಯಲು ಕೇಂದ್ರ ಸಂಪುಟ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಸೌರಶಕ್ತಿ ಬೇಡವೆಂದು ಯಾರೂ ಹೇಳುತ್ತಿಲ್ಲ. ಅಲ್ಲಿನವರನ್ನು ಕೇಳಿ ಮಾಡಿ ಎನ್ನುತ್ತಿದ್ದಾರೆ, ಅಷ್ಟೆ. ಅದನ್ನು ಹೇಳಲು 2024ರ ಏಪ್ರಿಲ್ 7ಕ್ಕೆ ಲಡಾಖಿನ ಹೋರಾಟಗಾರ ಸೋನಂ ವಾಂಗ್ಚುಕ್ ಮತ್ತು ಇತರ ಲಡಾಖಿಗರು ಪಶ್ಮೀನಾ ನಡಿಗೆ ಹೊರಡಲಿದ್ದರು. ನಿಷೇಧಾಜ್ಞೆ ಬಿತ್ತು, ನಡಿಗೆ ನಿಂತಿತು.

ಕನ್ನಡಿಗರಿಗೆ ಇದು ದೂರದ ಕತೆಯಲ್ಲ. ಪಾವಗಡದಲ್ಲಿ 13,000 ಎಕರೆಯ ಸೋಲಾರ್ ಪಾರ್ಕ್ ಬಂದಾಗ ಪಹಣಿಯಲ್ಲಿ ಹೆಸರಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಶುರುವಾಯಿತು. ಅದೇ ನೆಲದಲ್ಲಿ ಕುರಿ ಮೇಯಿಸುತ್ತಿದ್ದ ಭೂಮಿಯಿಲ್ಲದವನಿಗೆ ಬೇಲಿ ಸಿಕ್ಕಿತು. ಗೋಮಾಳಗಳನ್ನು ಒಂದೊಂದಾಗಿ ಕಳೆದುಕೊಂಡ ನಾಡು ನಮ್ಮದು; ಪಹಣಿಯೇ ಇಲ್ಲದ ಚಾಂಗ್ಪಾಗಳ ಗತಿ ಏನಾಗುತ್ತದೆಂದು ನಮಗೆ ಬಿಡಿಸಿ ಹೇಳಬೇಕೆ?

ಮೇಕೆಯೇ ಹುಲ್ಲು ಬುಡಸಮೇತ ತಿಂದು ಮರುಭೂಮಿ ಮಾಡುತ್ತದಲ್ಲ ಎನ್ನುವವರಿದ್ದಾರೆ. ಮಂಗೋಲಿಯಾದಲ್ಲಿ ಅದು ನಿಜವೇ. 1990ರ ನಂತರ ಸರ್ಕಾರಿ ಮಂದೆಗಳು ಖಾಸಗಿಯಾದವು, ಜಗತ್ತಿಗೆ ಮೇಕೆ ತುಪ್ಪಳದ ಅಗ್ಗದ ಕ್ಯಾಶ್ಮೀರ್ ಸ್ವೆಟರಿನ ಹುಚ್ಚು ಹಿಡಿಯಿತು, ಸುಮಾರು 50 ಲಕ್ಷವಿದ್ದ ಮೇಕೆಗಳು ಎರಡೂವರೆ ಕೋಟಿ ದಾಟಿದವು. ಹುಲ್ಲುಗಾವಲು ಸವೆಯಿತು. ಲಡಾಖಿನ ಕತೆ ಬೇರೆ. ಅಲ್ಲಿ ವರ್ಷಕ್ಕೆ ಸಿಗುವ ತುಪ್ಪಳ 50 ಟನ್ ಸುತ್ತಮುತ್ತ. ಚಾಂಗ್ಪಾಗಳು ಒಂದೇ ಕಡೆ ಬೀಡುಬಿಡದೆ ತಿರುಗುವುದರಿಂದಲೇ ಹುಲ್ಲಿಗೆ ಮತ್ತೆ ಚಿಗುರಲು ಬಿಡುವು. ಆ ತಿರುಗಾಟಕ್ಕೆ ಗಡಿ, ಬೇಲಿ ಎರಡೂ ಅಡ್ಡ ಬಂದರೆ ಇದ್ದ ಮೇಕೆಗಳೆಲ್ಲ ಉಳಿದ ತುಂಡು ನೆಲದ ಮೇಲೆ ಮುಗಿಬೀಳುತ್ತವೆ. ಆಮೇಲೆ ತಪ್ಪನ್ನು ಮೇಕೆಯ ತಲೆಗೆ ಕಟ್ಟುವುದು ಸುಲಭ.

ಆದ್ದರಿಂದ, ಕೊಳ್ಳುವವರೇ, ಹತ್ತು ಶಾಲು ಕೊಳ್ಳುವ ಬದಲು ಒಂದು ಕೊಳ್ಳಿ. ಕೈಯಲ್ಲಿ ನೂತು ನೇಯ್ದದ್ದನ್ನು, ಜಿಐ (ಭೌಗೋಳಿಕ ಸೂಚಕ) ಗುರುತಿರುವುದನ್ನು ಕೇಳಿ ಪಡೆಯಿರಿ. 2023ರಿಂದ ಲಡಾಖ್ ಪಶ್ಮೀನಾಕ್ಕೂ ಆ ಗುರುತಿದೆ. ಆದರೆ ಅಂಗಡಿಯಲ್ಲಿ ಜಾಣರಾದರೆ ಸಾಲದು. ನಿಮ್ಮ ಸಂಸದರಿಗೆ ಪತ್ರ ಬರೆಯಿರಿ. ವೋಟು ಕೇಳಲು ಬಂದಾಗ ನಿಲ್ಲಿಸಿ ಕೇಳಿ. ಪಾಂಗ್‌ನಲ್ಲಿ ಮೊದಲ ಗೂಟ ನೆಡುವ ಮುನ್ನ ಚಾಂಗ್ಪಾಗಳನ್ನು ಜೊತೆಗೆ ಕೂರಿಸಿಕೊಂಡು ಬೇಸಿಗೆಯ ಹುಲ್ಲು ಯಾವುದು, ಚಳಿಗಾಲದ್ದು ಯಾವುದು, ಮಂದೆ ದಾಟುವ ದಾರಿ ಯಾವುದು ಎಂದು ಗುರುತಿಸಿ ಬರೆಯಬೇಕು. ಆ ಬರಹಕ್ಕೆ ಕಾನೂನಿನ ಬಲ ಬೇಕು. ಅವರು ಬೇಡವೆಂದ ಜಾಗದಲ್ಲಿ ಬೇಲಿ ಏಳಬಾರದು. ಪಾವಗಡದ ಕುರಿಗಾಹಿಯ ಪರವಾಗಿ ಸಮಯಕ್ಕೆ ಬಾಯಿ ಬಿಡದ ನಾವು ಇದನ್ನಾದರೂ ಈಗಲೇ, ಗಟ್ಟಿಯಾಗಿ ಕೇಳೋಣ.